ಎಣಿಸುವ ಮೊದಲೇ ಮುಳುಗಿದ ಕಾಡು

ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದರೆ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ. ಜನ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಆ ಅಣೆಕಟ್ಟಿನ ಜೊತೆಗೇ ಮನೆ, ಗದ್ದೆ, ತೋಟ, ಕಾಡು ಸೇರಿ ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿ ಹೋಯಿತು. ಊರು ಬಿಟ್ಟವರ ಗೋಳು, ಇಂದಿಗೂ ಮುಗಿಯದ ಹಕ್ಕುಪತ್ರದ ಓಡಾಟ ನಿಮಗೂ ಗೊತ್ತು, ನಮಗೂ ಗೊತ್ತು. ಆದರೆ ಆ ಕಾಡಿನಲ್ಲಿ ಯಾವ ಗಿಡ, ಯಾವ ಹುಳ ಇತ್ತು? ಮುಳುಗಿಸುವ ಮೊದಲು ಅದನ್ನು ಬರೆದಿಡಿ ಎಂದು ಹೇಳುವ ಕಾನೂನೇ ಆಗ ಇರಲಿಲ್ಲ.

ಅದರಿಂದ ಏನು ನಷ್ಟ ಅಂತೀರಾ? ಅದೇ ಶರಾವತಿ ಕಣಿವೆಯಲ್ಲಿ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇದೆ. ಹೊನ್ನಾವರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ ವರ್ಷವಿಡೀ ನೀರು ಜಿನುಗುತ್ತದೆ, ಮರದ ಬೇರುಗಳು ಉಸಿರಾಡಲು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆ ಬಂದಿರುತ್ತವೆ. ಈ ಜಡ್ಡಿಯಲ್ಲಿ ಮಾವು, ಗೇರಿನ ಕುಟುಂಬಕ್ಕೆ ಸೇರಿದ ಒಂದು ಹೆಮ್ಮರವಿದೆ. ವಿಜ್ಞಾನಕ್ಕೆ ಅದು ಹೊಸ ಜಾತಿ ಎಂದು ದಾಸಪ್ಪ ಮತ್ತು ಸ್ವಾಮಿನಾಥ್ ಎಂಬುವರು ಪ್ರಕಟಿಸಿದ್ದು 2000ದಲ್ಲಿ. ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಬಸ್ಸು, ಲಾರಿ ಓಡಾಡುವ ರಸ್ತೆ ಬದಿಯ ಅಷ್ಟೆತ್ತರದ ಮರಕ್ಕೇ ಹೆಸರು ಸಿಗಲು 2000ದವರೆಗೆ ಕಾಯಬೇಕಾಯಿತು. ಇನ್ನು ಉಗುರಿನಷ್ಟಿರುವ ಹುಳವನ್ನು ಯಾರು ನೋಡಿದ್ದಾರು? ಈ ಮರ ಮುಳುಗಿದ ಕಾಡಿನಲ್ಲೂ ಇತ್ತೋ ಏನೋ, ಈಗ ಯಾರನ್ನು ಕೇಳೋಣ.

1994ರಲ್ಲಿ ಕೇಂದ್ರ ಸರ್ಕಾರ ದೊಡ್ಡ ಯೋಜನೆಗಳಿಗೆ ಪರಿಸರ ವರದಿ ಕಡ್ಡಾಯ ಮಾಡಿತು. ಆದರೆ ತ್ವರಿತ ವರದಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕಿತ್ತು! ಮಲೆನಾಡಿನವರಿಗೆ ಇದು ನಗು ತರಿಸುವ ಮಾತು. ಅರೆಕಲ್ಲಿನ ಮೇಲೆ ಮಳೆಗೆ ಹುಟ್ಟಿ ಮಳೆ ಮುಗಿದ ಮೇಲೆ ಒಣಗುವ ಹೂಗಿಡ ಮಾರ್ಚಿನಲ್ಲಿ ಎಲ್ಲಿರುತ್ತದೆ? ಏರೋಪ್ಲೇನ್ ಚಿಟ್ಟೆಗಳೂ ಹಾಗೇ. ಮರಿಯಾಗಿ ನೀರಿನೊಳಗೆ ದಿನ ಕಳೆದು, ರೆಕ್ಕೆ ಬಂದ ಮೇಲೆ ಹಾರುವುದು ಸ್ವಲ್ಪವೇ ಕಾಲ. ಹರಿಯುವ ಹಳ್ಳದಲ್ಲಿ ಬದುಕುವ ಜಾತಿ ನಿಂತ ನೀರಿನಲ್ಲಿ ಬದುಕುವುದಿಲ್ಲ. ಅಣೆಕಟ್ಟೆಂದರೆ ಹಳ್ಳವನ್ನು ನಿಲ್ಲಿಸುವುದೇ ತಾನೆ? ಒಂದು ವಾರ ಜೀಪಿನಲ್ಲಿ ಬಂದು ಹೋದವರ ಪಟ್ಟಿಯಲ್ಲಿ ಹುಲಿ, ಆನೆ, ನವಿಲು ಸಿಗುತ್ತವೆ. ಇವು ಸಿಗುವುದಿಲ್ಲ.

ಈಗ ಅದೇ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಭೂಗತ ವಿದ್ಯುತ್ ಯೋಜನೆಯ ಮಾತು ನಡೆದಿದೆ. ಸಿಂಗಳೀಕದ ಅಭಯಾರಣ್ಯ ಅದು. ವಿದ್ಯುತ್ ಬೇಡ ಎಂದು ನಾವು ಹೇಳುತ್ತಿಲ್ಲ, ನಮ್ಮ ಫೋನ್ ಚಾರ್ಜ್ ಆಗುವುದೂ ಅದರಿಂದಲೇ. ಎಣಿಸಿದ್ದು ಯಾವ ತಿಂಗಳಲ್ಲಿ, ಕಾಡು ಹತ್ತಿಳಿದವರು ಯಾರು ಎಂದು ಕೇಳಬೇಕು, ಅಷ್ಟೆ.

ಕೇಳಲು ನಿಮ್ಮೂರಲ್ಲೇ ಒಂದು ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರವರನ್ನು ಕೇಳಿ ದಾಖಲಾತಿ ಪುಸ್ತಕ ಬರೆಯಬೇಕು. ಜಡ್ಡಿ ಯಾವಾಗ ಬತ್ತುತ್ತದೆ, ಯಾವ ಹುಳ ಯಾವ ಮಳೆಗೆ ಬರುತ್ತದೆ ಎಂದು ಬಲ್ಲ ಅಜ್ಜಿ, ದನ ಮೇಯಿಸುವವರು, ಜೇನು ಕೀಳುವವರು ಹೇಳಿದ್ದು ಅದರಲ್ಲಿರಬೇಕು. ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕ ತರಿಸಿ ನೋಡಿ. ಅದರಲ್ಲಿ ನಿಮ್ಮೂರಿನ ಹಳ್ಳ ಇದೆಯೋ, ಪಕ್ಕದೂರಿನ ಪಟ್ಟಿಯ ಜೆರಾಕ್ಸ್ ಇದೆಯೋ?