ಕಳೆಯ ವಿಚಾರಣೆ

ಮುಂಗಾರಿನ ಮೊದಲ ಎರಡು ಮಳೆ ಬಿದ್ದು ಹದಿನೈದು ದಿನ ಆಗುವಷ್ಟರಲ್ಲಿ ನಮ್ಮ ಹಿತ್ತಲುಗಳು ನಮ್ಮ ಕೈ ಮೀರುತ್ತವೆ. ನಾವು ಬಿತ್ತಿದ ಬೆಂಡೆ, ಮೆಣಸಿನಕಾಯಿ ಇನ್ನೂ ಎರಡೆಲೆಯಲ್ಲಿರುವಾಗ, ಬಿತ್ತದೆ ಬಂದದ್ದು ಗೇಣುದ್ದ ಎದ್ದು ನಿಂತಿರುತ್ತದೆ. ಆಗ ನಾವು ಮಾಡುವ ಮೊದಲ ಕೆಲಸ ಬೈಯುವುದು. ಎರಡನೆಯದು, ಅಂಗಡಿಗೆ ಹೋಗಿ ‘ಏನಾದರೂ ಔಷಧಿ ಕೊಡಿ’ ಎಂದು ಕೇಳುವುದು. ವಿಷಕ್ಕೆ ಔಷಧಿ ಎಂದು ಕರೆಯುವ ಅಭ್ಯಾಸ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಆ ಮಾತಿನ ವಿಚಿತ್ರ ನಮ್ಮ ಕಿವಿಗೆ ತಟ್ಟುವುದೇ ಇಲ್ಲ.

ಈ ಎರಡು ಕೆಲಸಗಳ ನಡುವೆ ಮಾಡಬೇಕಾದ ಮತ್ತೊಂದು ಕೆಲಸವನ್ನು ನಾವು ಬಿಟ್ಟುಬಿಡುತ್ತೇವೆ. ಅದು ವಿಚಾರಣೆ. ಈ ಗಿಡ ಯಾವುದು, ಎಲ್ಲಿಂದ ಬಂತು, ಇಲ್ಲೇ ಏಕೆ ಬೇರೂರಿತು ಎಂದು ಕೇಳುವುದು. ಹಿತ್ತಲಿನ ಕಳೆಗೂ ಒಂದು ಚರಿತ್ರೆಯಿದೆ. ಅದನ್ನು ತಿಳಿಯದೆ ಶಿಕ್ಷೆ ಕೊಡಲು ಹೊರಟವರು ಬಹಳ ಸಲ ತಪ್ಪು ಆರೋಪಿಯನ್ನು ಶಿಕ್ಷಿಸಿದ್ದಾರೆ.

ಕನ್ನಡದ ‘ಕಳೆ’ ಒಂದು ಚೆಂದದ ಪದ. ಬೇಡದ ಗಿಡವೂ ಕಳೆಯೇ, ಮುಖದ ಕಾಂತಿಯೂ ಕಳೆಯೇ. ಲೆಕ್ಕದಲ್ಲಿ ‘ಕಳೆ’ ಎಂದರೆ ತೆಗೆದುಹಾಕು ಎಂದರ್ಥ. ಉರ್ದುವಿನಲ್ಲಿ ತಾನಾಗಿ ಬೆಳೆದ ಗಿಡಕ್ಕೆ ‘ಖುದ್‌ರೌ’ ಎನ್ನುತ್ತಾರೆ. ಅಂದರೆ ಸ್ವಯಂ ಬೆಳೆದದ್ದು. ಅಲ್ಲಿ ತೀರ್ಪಿಲ್ಲ, ವರ್ಣನೆ ಮಾತ್ರ ಇದೆ. ಕಳೆ ಎಂಬುದು ಗಿಡದ ಜಾತಿಯಲ್ಲ, ನಮ್ಮ ತೀರ್ಪು. ಗಣೇಶನ ಪೂಜೆಗೆ ಹುಡುಕಿ ತರುವ ಗರಿಕೆ, ಬದನೆಯ ಪಾತಿಯಲ್ಲಿ ಕಂಡರೆ ಕಿತ್ತೆಸೆಯಬೇಕಾದ ಪೀಡೆ. ನೆಲಕ್ಕೆ ಹಬ್ಬಿ ಬೆಳೆಯುವ ಗೋಣಿಸೊಪ್ಪನ್ನು ಕೆಲವರು ಕೆರೆದು ಬಿಸಾಡುತ್ತಾರೆ. ಅದನ್ನೇ ‘ಕುಲ್ಫಾ’ ಎಂದು ಕರೆದು ಮಾಂಸದ ಜೊತೆ ಬೇಯಿಸುವ ಮನೆಗಳಿವೆ. ಹಳೆ ಮೈಸೂರಿನ ಹೆಂಗಸರು ಹೊಲದ ಬದುವಿನಿಂದ ಆಯ್ದು ತಂದು ಬೆರಕೆಸೊಪ್ಪಿನ ಸಾರು ಮಾಡುವಾಗ ಬಳಸುವುದರಲ್ಲಿ ಅರ್ಧಕ್ಕರ್ಧ ಕೃಷಿ ಪುಸ್ತಕದ ಪ್ರಕಾರ ಕಳೆಗಳೇ.

ತೋಟದ ತೊಂದರೆಗಳನ್ನು ಬಿಡಿಸುವ ಪ್ರಯತ್ನ ಹೊಸದಲ್ಲ. ಚಾವುಂಡರಾಯನೆಂಬ ಕವಿ 1025ರ ಸುಮಾರಿಗೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ‘ಲೋಕೋಪಕಾರ’ ಎಂಬ ಗ್ರಂಥವನ್ನು ಕನ್ನಡದಲ್ಲೇ ಬರೆದ. ಅಡುಗೆ, ವಾಸ್ತು, ಜಲಶೋಧನೆ, ವೈದ್ಯಗಳ ಜೊತೆಗೆ ಅದರಲ್ಲಿ ವೃಕ್ಷಾಯುರ್ವೇದಕ್ಕೂ ಒಂದು ಭಾಗವಿದೆ. ಗಿಡಮರಗಳ ಆರೈಕೆ ಜನಸಾಮಾನ್ಯರಿಗೆ ತಿಳಿದಿರಬೇಕಾದ ವಿದ್ಯೆ ಎಂದು ಅವನು ಭಾವಿಸಿದ್ದ. ಅವನ ನಂತರ ಒಂದೂವರೆ ಶತಮಾನಕ್ಕೆ, ಅಂದಲೂಸಿನ ಸೆವಿಲ್ಲೆ ನಗರದಲ್ಲಿ ಇಬ್ನುಲ್ ಅವ್ವಾಮ್ ಎಂಬ ವಿದ್ವಾಂಸ ಅರಬಿಯಲ್ಲಿ ‘ಕಿತಾಬುಲ್ ಫಿಲಾಹ’ ಎಂಬ ದೊಡ್ಡ ಕೃಷಿ ಗ್ರಂಥ ರಚಿಸಿದ. ಐನೂರಕ್ಕೂ ಮೀರಿದ ಸಸ್ಯಗಳ ವಿವರ ಅದರಲ್ಲಿದೆ. 17ನೇ ಶತಮಾನದಲ್ಲಿ ಮೊಗಲ್ ರಾಜಕುಮಾರ ದಾರಾ ಶಿಕೋಹ್‌ನ ಹೆಸರಿನಲ್ಲಿ ‘ನುಸ್ಖಾ ದರ್ ಫನ್ನೆ ಫಲಾಹತ್’ ಎಂಬ ಫಾರಸಿ ಕೃತಿ ಬಂತು. ಕೃಷಿಯ ಕಲೆಯನ್ನು ಕುರಿತ ಪುಸ್ತಕ ಅದು.

ಇಬ್ನುಲ್ ಅವ್ವಾಮ್‌ನ ಗ್ರಂಥದ ಕ್ರಮವನ್ನು ನೋಡಬೇಕು. ಮೊದಲ ಅಧ್ಯಾಯ ಮಣ್ಣಿನದು, ಎರಡನೆಯದು ಗೊಬ್ಬರದ್ದು, ಮೂರನೆಯದು ನೀರಿನದು. ಮರಗಳ ರೋಗಕ್ಕೆ ಚಿಕಿತ್ಸೆ ಎಷ್ಟೋ ಅಧ್ಯಾಯಗಳಾದ ಮೇಲೆ ಬರುತ್ತದೆ. ನಾವು ಇಂದು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಎಲೆ ಹಳದಿಯಾದ ಕೂಡಲೇ ಸಿಂಪಡಿಸುವ ಡಬ್ಬಿ ಕೈಗೆ ಬರುತ್ತದೆ. ಮಣ್ಣನ್ನು ಮುಟ್ಟಿ ನೋಡುವುದಿಲ್ಲ.

ಈಗ ಆರೋಪಿಗಳ ಕಡೆ ಬರೋಣ. ಮೊದಲನೆಯದು ಲಂಟಾನ. ಬಣ್ಣ ಬದಲಿಸುವ ಅದರ ಹೂಗೊಂಚಲು ಯಾರಿಗೆ ಗೊತ್ತಿಲ್ಲ? ಉಷ್ಣವಲಯದ ಅಮೆರಿಕ ಅದರ ತವರು. ಅಲ್ಲಿಂದ ಯುರೋಪಿನ ಉದ್ಯಾನಗಳಿಗೆ ಹೋಯಿತು. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬೇಲಿಗೂ ಆದೀತು, ಚೆಂದಕ್ಕೂ ಆದೀತು ಎಂದು ಊರೂರಿನ ಬಂಗಲೆಗಳಿಗೆ ಹಂಚಿಕೆಯಾಯಿತು. ಹಣ್ಣು ತಿಂದ ಹಕ್ಕಿಗಳು ಅದನ್ನು ಕಾಡಿಗೆ ಒಯ್ದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹುಲ್ಲಿಗೆ ಜಾಗವಿಲ್ಲದಂತೆ ಅದು ಹಬ್ಬಿದೆ. ನುಗ್ಗಿ ಬಂದ ದಾಳಿಕೋರನೆಂದು ನಾವು ಅದನ್ನು ಕರೆಯುತ್ತೇವೆ. ದಾಖಲೆ ನೋಡಿದರೆ ಅದು ಆಮಂತ್ರಣ ಪಡೆದು ಬಂದ ಅತಿಥಿ.

ಎರಡನೆಯ ಆರೋಪಿ ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಕರಾವಳಿ, ಮಲೆನಾಡುಗಳಲ್ಲಿ ಇನ್ನೊಂದು ಕಳೆಗೆ ಕಮ್ಯುನಿಸ್ಟ್ ಗಿಡ ಎಂದು ಹೆಸರಿದೆ. ಚುನಾವಣೆ ಇಲ್ಲದೆಯೇ ನಮ್ಮ ಹಿತ್ತಲುಗಳಲ್ಲಿ ಸಮ್ಮಿಶ್ರ ಸರ್ಕಾರ ನಡೆಯುತ್ತಿರುವುದು ಹೀಗೆ. ಕಾಂಗ್ರೆಸ್ ಗಿಡ ಪಿ.ಎಲ್.480 ಯೋಜನೆಯ ಅಮೆರಿಕದ ಗೋಧಿಯ ಜೊತೆ ಬಂತೆಂಬುದು ಎಲ್ಲರೂ ಹೇಳುವ ಮಾತು. ಆದರೆ ತಾರೀಖುಗಳು ಬೇರೆ ಕಥೆ ಹೇಳುತ್ತವೆ. ಪುಣೆಯಲ್ಲಿ ಈ ಗಿಡ ಕಂಡದ್ದು 1955ರಲ್ಲಿ. ಭಾರತ ಪಿ.ಎಲ್.480ರ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ. ಅದಕ್ಕೂ ಮೊದಲು, 1951ರಲ್ಲೇ, ನಾವು ಅಮೆರಿಕದಿಂದ ಸಾಲದ ಮೇಲೆ ಧಾನ್ಯ ತರಿಸಿದ್ದೆವು. ಇನ್ನೂ ಹಿಂದಕ್ಕೆ ಹೋದರೆ, 1814ರಲ್ಲಿ ಅಚ್ಚಾದ ಕಲ್ಕತ್ತೆ ಸಸ್ಯೋದ್ಯಾನದ ಗಿಡಗಳ ಪಟ್ಟಿಯಲ್ಲೇ ಪಾರ್ಥೇನಿಯಂನ ಹೆಸರಿದೆ. ಧಾನ್ಯದ ಮೂಟೆಗಳು ಅದನ್ನು ದೇಶದುದ್ದ ಹರಡಿರಬಹುದು. ಆದರೆ ಇದಕ್ಕೂ ಮೊದಲು ಬಾಗಿಲು ತೆರೆದದ್ದು ತೋಟವೇ.

ಇಷ್ಟು ಕೇಳಿದ ಮೇಲೆ ‘ಹೊರಗಿನಿಂದ ಬಂದದ್ದೇ ತಪ್ಪು’ ಎನ್ನುವವರಿದ್ದಾರೆ. ಅವರು ಒಮ್ಮೆ ತಮ್ಮ ಅಡುಗೆಮನೆಗೆ ಹೋಗಿ ನೋಡಬೇಕು. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಪಪ್ಪಾಯಿ, ಸೀಬೆ, ಗೋಡಂಬಿ ಎಲ್ಲವೂ ಅಮೆರಿಕ ಖಂಡಗಳಿಂದಲೇ ಬಂದವು. ದಸರೆಗೆ ಬಾಗಿಲಿಗೆ ಕಟ್ಟುವ ಚೆಂಡುಹೂವು ಕೂಡ ಮೆಕ್ಸಿಕೋದ್ದು. ಹಾಗೆಯೇ ಹಳೆಯ ನೆಲದವರೆಲ್ಲ ಸಾಧುಗಳಲ್ಲ. ತೋಟದ ಕಳೆಗಳಲ್ಲಿ ಅತ್ಯಂತ ಹಟಮಾರಿಯಾದ ಜೇಕು, ಅಂದರೆ ಕೊನ್ನಾರಿಗಡ್ಡೆ, ನಮ್ಮ ಆಯುರ್ವೇದದ ಗ್ರಂಥಗಳಲ್ಲಿ ಮುಸ್ತಾ ಎಂಬ ಹೆಸರಿನಲ್ಲಿ ಹಿಂದಿನಿಂದಲೂ ಇದೆ. ಮೂಲ ಯಾವುದು ಎಂಬುದರಿಂದ ಗಿಡದ ಗುಣ ನಿರ್ಧಾರವಾಗುವುದಿಲ್ಲ. ಮನುಷ್ಯರನ್ನು ಕಳೆ ಎಂದು ಕರೆಯುವ ಭಾಷಣಗಳನ್ನು ಕೇಳಬೇಕಾಗಿ ಬಂದ ನಮಗೆ ಇದು ಬರೀ ತೋಟದ ವಿಷಯವಾಗಿ ಉಳಿಯುವುದಿಲ್ಲ.

ಹಾಗಾದರೆ ಒಂದು ಗಿಡ ಪೀಡೆಯಾಗುವುದು ಯಾವಾಗ? ತನ್ನನ್ನು ಹದ್ದಿನಲ್ಲಿಡುತ್ತಿದ್ದ ಹಳೆಯ ನೆರೆಹೊರೆಯನ್ನು ಬಿಟ್ಟು ಬಂದಾಗ, ಮತ್ತು ಇಲ್ಲಿ ಬರಿದಾದ, ಕದಡಿದ ನೆಲ ಸಿಕ್ಕಾಗ. ಇದನ್ನು ಮೊದಲು ಕಲಿಸಿದ್ದು ಪಾಪಾಸುಕಳ್ಳಿ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳುವನ್ನು ಇಲ್ಲಿ ಸಾಕಿ ಸ್ಪೇನಿನ ಏಕಸ್ವಾಮ್ಯ ಮುರಿಯಬೇಕೆಂದು ಈಸ್ಟ್ ಇಂಡಿಯಾ ಕಂಪೆನಿ ಹೊರಟಿತ್ತು. 1795ರಲ್ಲಿ ಬ್ರೆಜಿಲ್‌ನಿಂದ ಬಂಗಾಳಕ್ಕೆ ಬಂದ ಹುಳು ಬೇರೆಯೇ ಜಾತಿಯದಾಗಿತ್ತು. ಒಳ್ಳೆಯ ಬಣ್ಣ ಕೊಡಲಿಲ್ಲ. ಆದರೆ ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸತೊಡಗಿತು. ಕಂಪೆನಿಯ ನಷ್ಟ ರೈತನ ಲಾಭವಾಯಿತು. ಇನ್ನೊಂದು ಬಗೆಯ ಪಾಪಾಸುಕಳ್ಳಿ ದಕ್ಷಿಣ ಭಾರತದ ಹೊಲಗಳನ್ನು ನುಂಗುತ್ತಿದ್ದಾಗ, 1926ರಲ್ಲಿ ಸಿಂಹಳದಿಂದ ಅದಕ್ಕೆ ತಕ್ಕ ಹುಳುವನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಕಳ್ಳಿ ಕರಗಿತು.

ಇದೇ ದಾರಿಯಲ್ಲಿ 1983ರಲ್ಲಿ ಪಾರ್ಥೇನಿಯಂ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿಗೆ ತಂದು ಪರೀಕ್ಷಿಸಿ, ಮರುವರ್ಷ ಬಯಲಿಗೆ ಬಿಡಲಾಯಿತು. ಮುಂದೆ ಅದು ಸೂರ್ಯಕಾಂತಿ ಹೊಲಗಳಲ್ಲೂ ಕಂಡಾಗ ಗುಲ್ಲೆದ್ದಿತು. ಪರಿಶೀಲಿಸಿದ ವಿಜ್ಞಾನಿಗಳು, ಪಕ್ಕದ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿಯ ಎಲೆಗಳ ಮೇಲೆ ಬಿದ್ದಿದ್ದರಿಂದ ಜೀರುಂಡೆ ಮೋಸಹೋಗಿದೆ, ಬೆಳೆಗೆ ಅಪಾಯವಿಲ್ಲ ಎಂದು ಕಂಡುಕೊಂಡರು. ವಿಚಾರಣೆ ನಡೆದದ್ದರಿಂದ ಒಂದು ಜೀವಿ ಉಳಿಯಿತು. ಮಳೆಗಾಲದಲ್ಲಿ ಮಾತ್ರ ಚುರುಕಾಗಿರುವ ಈ ಜೀರುಂಡೆ ಕಾಂಗ್ರೆಸ್ ಗಿಡವನ್ನು ಪೂರ್ತಿ ಅಳಿಸಿಲ್ಲ ಎಂಬುದೂ ನಿಜ. ಲಂಟಾನದ ವಿಷಯದಲ್ಲಂತೂ ಈ ಉಪಾಯ ಇಲ್ಲಿ ಕೈ ಹಿಡಿಯಲಿಲ್ಲ.

ಹಿತ್ತಲಿಗೆ ಇನ್ನೂ ಹತ್ತಿರದ ಉದಾಹರಣೆ ಪಪ್ಪಾಯಿಯ ಬಿಳಿ ಹಿಟ್ಟುತಿಗಣೆ. ಇದು ಭಾರತದಲ್ಲಿ ಮೊದಲು ಕಂಡದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಎರಡು ವರ್ಷಗಳಲ್ಲಿ ಪಪ್ಪಾಯಿ, ದಾಸವಾಳ, ರೇಷ್ಮೆಯವರ ಹಿಪ್ಪುನೇರಳೆ ಎಲ್ಲವೂ ಬಿಳಿ ಹತ್ತಿ ಮೆತ್ತಿದಂತಾದವು. ಜನ ವಿಷ ಸುರಿದರು. ತಿಗಣೆಯ ಮೇಣದ ಹೊದಿಕೆಗೆ ಅದು ನಾಟಲಿಲ್ಲ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯೊಂದು ಪೋರ್ಟೊರಿಕೊದಿಂದ ಚುಕ್ಕೆಯಷ್ಟು ಚಿಕ್ಕ ಪರಾವಲಂಬಿ ಕಣಜಗಳನ್ನು ತರಿಸಿ ಬಿಟ್ಟಿತು. ತಿಂಗಳುಗಳಲ್ಲಿ ಹಾವಳಿ ಇಳಿಯಿತು. ವಿಷ ಸಿಂಪಡಿಸಿದ ತೋಟಗಳಲ್ಲಿ ಈ ಕಣಜಗಳು ಬದುಕುವುದಿಲ್ಲ ಎಂಬುದನ್ನು ನೆನಪಿಡಬೇಕು.

ಇನ್ನೊಂದು ಎಚ್ಚರಿಕೆ. ಹಿಟ್ಟುತಿಗಣೆಯನ್ನು ತಿನ್ನುವ ಒಂದು ಗುಲಗಂಜಿ ಹುಳು 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ನಾಡಿಗೆ ಬಂತು. ಅದರ ಮರಿಯ ಮೈಯೂ ಬಿಳಿ ಮೇಣದಿಂದ ಮುಚ್ಚಿರುತ್ತದೆ, ನೋಡಲು ಥೇಟ್ ತಿಗಣೆಯ ಹಾಗೆಯೇ. ಗಾತ್ರ ತುಸು ದೊಡ್ಡದು, ಓಡಾಟ ಚುರುಕು. ಗೊತ್ತಿಲ್ಲದವರು ಮೊದಲು ಉಜ್ಜಿ ಕೊಲ್ಲುವುದು ಈ ಮಿತ್ರನನ್ನೇ.

ಆತುರದ ಶಿಕ್ಷೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನಮ್ಮ ದಕ್ಷಿಣ ಕನ್ನಡದ ಕೊಕ್ಕಡ ಸಾಕ್ಷಿ. ಗೋಡಂಬಿಯ ಟೀ ಸೊಳ್ಳೆಯನ್ನು ಕೊಲ್ಲಲು ಅಲ್ಲಿಯೂ ಪಕ್ಕದ ಕಾಸರಗೋಡಿನಲ್ಲಿಯೂ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಆ ಹಳ್ಳಿಗಳ ಮಕ್ಕಳ ಬದುಕು ಏನಾಯಿತೆಂದು ನಾಡಿಗೆಲ್ಲ ಗೊತ್ತು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಮನೆಯಂಗಳಕ್ಕೂ ಬಂದಿರುವ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಸಾಲಿಗೆ ಸೇರಿಸಿತು. ಬೇರೆ ಕೆಲವು ಸಂಸ್ಥೆಗಳು ಇದನ್ನು ಒಪ್ಪಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಗೆ ಮಿತಿ ಹಾಕುವ ಆದೇಶ ಹೊರಡಿಸಿತು. ಹತ್ತು ಅಡಿಯ ಪಾತಿಗೆ ಇಂಥ ಅಸ್ತ್ರ ಬೇಕೇ ಎಂದು ನಾವೇ ಕೇಳಿಕೊಳ್ಳಬೇಕು.

ಹಾಗಾದರೆ ಏನು ಮಾಡಬೇಕು? ಚರಿತ್ರೆ ಹೇಳಿಕೊಡುವ ಉಪಾಯಗಳು ಸರಳ. ಕಾಂಗ್ರೆಸ್ ಗಿಡದ ಬಲವೆಲ್ಲ ಬೀಜದಲ್ಲಿದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಆದ್ದರಿಂದ ಹೂ ಬಿಡುವ ಮೊದಲು, ಮಣ್ಣು ಒದ್ದೆಯಿರುವಾಗ, ಬೇರು ಸಮೇತ ಕೀಳಬೇಕು. ಕೈಗೆ ಗವಸು, ಮೂಗಿಗೆ ಬಟ್ಟೆ ಮರೆಯಬಾರದು. ಅದರ ಸ್ಪರ್ಶದಿಂದ ಚರ್ಮದ ರೋಗ, ಪರಾಗದಿಂದ ಉಬ್ಬಸ ಬರುತ್ತದೆ. ಕೂಲಿಗೆ ಬಂದವರಿಂದ ಬರಿಗೈಯಲ್ಲಿ ಕೀಳಿಸುವುದು ಅನ್ಯಾಯ. ಜೇಕಿನ ಬಲ ನೆಲದೊಳಗಿನ ಗಡ್ಡೆಯಲ್ಲಿದೆ. ಮೇಲಿನ ಹುಲ್ಲು ಕಿತ್ತರೆ ಗಡ್ಡೆ ಮತ್ತೆ ಚಿಗುರುತ್ತದೆ. ಬೇಸಿಗೆಯಲ್ಲಿ ಆಳವಾಗಿ ಅಗೆದು, ಗಡ್ಡೆ ಆಯ್ದು ಬಿಸಿಲಿಗೆ ಒಣಗಿಸಬೇಕು. ಬಳಿಕ ಆ ಜಾಗಕ್ಕೆ ಅವರೆ, ಕುಂಬಳದಂಥ ನೆರಳು ಕೊಡುವ ಬಳ್ಳಿ ಹಬ್ಬಿಸಬೇಕು. ಜೇಕಿಗೆ ನೆರಳೆಂದರೆ ಆಗದು. ಉಳಿದ ಸಣ್ಣ ಕಳೆಗಳ ಬೀಜಕ್ಕೆ, ಬಿರುಬೇಸಿಗೆಯಲ್ಲಿ ಒದ್ದೆ ನೆಲದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕರಿಂದ ಆರು ವಾರ ಬಿಗಿಯಾಗಿ ಹೊದಿಸಿದರೆ ಸಾಕು. ಜೇಕು ಮಾತ್ರ ಆ ಹಾಳೆಯನ್ನೂ ಚುಚ್ಚಿಕೊಂಡು ಮೇಲೆ ಬರುತ್ತದೆ.

ಗಿಡದ ಕಾಯಿಲೆಗೂ ಇದೇ ವಿಚಾರಣೆ. ಮೆಣಸಿನ ಎಲೆ ಮೇಲ್ಮುಖವಾಗಿ ಮುರುಟಿದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮಡಚಿದರೆ ಮೈಟ್ ನುಸಿ ಎಂದು ಅನುಮಾನಿಸಬಹುದು. ಎರಡಕ್ಕೂ ಎಲೆಯ ಅಡಿಭಾಗ ನೆನೆಯುವಂತೆ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಒಂದಿಷ್ಟು ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ. ಕೆಳಗಿನ ಹಳೆಯ ಎಲೆಗಳು ಹಳದಿಯಾದರೆ ಸಾರಜನಕದ ಕೊರತೆಯೋ ನೀರು ನಿಂತ ಬೇರೋ ಇರಬಹುದು. ತುದಿಯ ಚಿಗುರು ಹಳದಿಯಾಗಿ ನರಗಳು ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಇಲ್ಲಿ ಹುಳುವೇ ಇಲ್ಲ, ಕೊಲ್ಲುವುದೇನನ್ನು?

ಪೂರ್ತಿ ಅಳಿಸಲಾಗದ ಕಳೆಯೊಡನೆ ಬದುಕುವ ದಾರಿಯನ್ನೂ ಕೆಲವರು ಕಂಡುಕೊಂಡಿದ್ದಾರೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನೀಲಗಿರಿ ಸೀಮೆಯ ಆದಿವಾಸಿಗಳು ಲಂಟಾನದಿಂದ ಕಟ್ಟಿದ ಆನೆಗಳು ನಿಂತಿದ್ದವು, ನಿಜವಾದ ಆನೆಯಷ್ಟೇ ಎತ್ತರಕ್ಕೆ. 1760ರಲ್ಲಿ ಹೈದರಲಿ ಕಟ್ಟಿಸಿದ ಆ ತೋಟ ದೂರದೂರದ ಗಿಡಗಳನ್ನು ಬರಮಾಡಿಕೊಂಡೇ ಬೆಳೆದದ್ದು. ತೋಟವೆಂದರೆ ಆಮಂತ್ರಣವೇ ಹೌದು. ಆದರೆ ಕರೆದವರ ಮೇಲೆ ಒಂದು ಹೊಣೆಯಿರುತ್ತದೆ. ಬಂದವರ ಸ್ವಭಾವ ತಿಳಿದಿರಬೇಕು, ದಿನವೂ ಹೋಗಿ ನೋಡಬೇಕು, ಅಗತ್ಯ ಬಿದ್ದಾಗ ಬಗ್ಗಿ ಕೈಯಿಂದಲೇ ಕೀಳಬೇಕು.