ಚಳಿನಾಡಿನ ಕಾರಿಗೆ ರಿಮೋಟ್ ಸ್ಟಾರ್ಟರ್

ಮನೆಯೊಳಗೆ ನಿಂತು ಗುಂಡಿಯೊತ್ತಿ, ಹೊರಗೆ ಹಿಮದಲ್ಲಿ ನಿಂತಿರುವ ಕಾರಿನ ಎಂಜಿನ್ ಚಾಲೂ ಮಾಡುವ ಉಪಕರಣವೇ ರಿಮೋಟ್ ಸ್ಟಾರ್ಟರ್. ಕೆನಡಾದ ಮ್ಯಾನಿಟೋಬ, ಸಸ್ಕಾಚೆವನ್, ಅಮೆರಿಕದ ಮಿನ್ನೆಸೋಟ, ನಾರ್ತ್ ಡಕೋಟ ಸೀಮೆಗಳಲ್ಲಿ ಇದು ಶೋಕಿಯ ವಸ್ತುವಲ್ಲ. ವಿನಿಪೆಗ್‌ನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶವೇ ಸೊನ್ನೆಗಿಂತ ಸುಮಾರು 21 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನೊಂದಿಗೆ ಬಂದಾಗ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ರಿಮೋಟ್ ಬಂದ ಮೇಲೆ ಕಾರಿನವರೆಗೆ ನಡೆಯುವುದೂ ತಪ್ಪಿತು. ಹೊರಗಿನ ಅಂಗಡಿಗಳಲ್ಲಿ ಹಾಕಿಸಿಕೊಳ್ಳುತ್ತಿದ್ದ ಇದನ್ನು ಜನರಲ್ ಮೋಟರ್ಸ್ 2004ರ ಶೆವರ್ಲೆ ಮಾಲಿಬುವಿನಲ್ಲಿ ಕಾರ್ಖಾನೆಯಿಂದಲೇ ಕೊಡತೊಡಗಿತು. ಇದರಿಂದ ಎಂಜಿನ್ನಿನ ಆಯುಸ್ಸು ಹೆಚ್ಚುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದು ಅಷ್ಟು ಸರಿಯಲ್ಲ. ಇದರ ಲಾಭ ಸಿಗುವುದು ಮುಂಗಾಜಿಗೆ ಮತ್ತು ಚಾಲಕನಿಗೆ. ಹಾಗೆಂದು ಒಪ್ಪಿಕೊಂಡರೆ ಯಾವುದನ್ನು ಕೊಳ್ಳಬೇಕು, ಹೇಗೆ ಹಾಕಿಸಬೇಕು ಎಂಬ ಲೆಕ್ಕವೂ ಬದಲಾಗುತ್ತದೆ.

ಎಂಜಿನ್ನನ್ನು ನಿಂತಲ್ಲೇ ಬಹಳ ಹೊತ್ತು ಓಡಿಸಿ ಬಿಸಿ ಮಾಡುವುದು ಕಾರ್ಬುರೇಟರ್ ಕಾಲದ ರೂಢಿ. ಇಂದಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ ಚಳಿಗೆ ತಕ್ಕಷ್ಟು ಪೆಟ್ರೋಲನ್ನು ತಾನೇ ಅಳೆದು ಬಿಡುತ್ತದೆ. ತಣ್ಣಗಿರುವಾಗ ಆ ಅಳತೆ ಧಾರಾಳವಾಗಿರುವುದರಿಂದ ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಪದರವನ್ನು ತೊಳೆದು ಆಯಿಲ್‌ನೊಳಗೆ ಇಳಿಯುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ನಿಧಾನವಾಗಿ ಕಾಯುವುದರಿಂದ ಈ ತೊಳೆತ ಇನ್ನಷ್ಟು ಹೊತ್ತು ನಡೆಯುತ್ತದೆ. ಮೆಲ್ಲಗೆ ಓಡಿಸಿದರೆ ಬೇಗ ಕಾಯುತ್ತದೆ. ಗಾಜು ಸ್ಪಷ್ಟವಾಗಿದ್ದರೆ ಎರಡು-ಮೂರು ನಿಮಿಷ ಸಾಕು ಎಂದು ಕೆನಡಾದ ನೈಸರ್ಗಿಕ ಸಂಪನ್ಮೂಲ ಇಲಾಖೆಯೂ ಹೇಳುತ್ತದೆ. ಕಡುಚಳಿಯ ನಿಜವಾದ ತೊಂದರೆ ಇರುವುದು ಗಟ್ಟಿಯಾಗುವ ಆಯಿಲ್‌ನಲ್ಲಿ ಮತ್ತು ಬಲಗುಂದುವ ಬ್ಯಾಟರಿಯಲ್ಲಿ. ಆಯಿಲ್ ಡಬ್ಬಿಯ ಮೇಲಿನ ‘ಡಬ್ಲ್ಯು’ ಚಳಿಗಾಲದ ಗುರುತು: ‘5ಡಬ್ಲ್ಯು’ ಆಯಿಲ್‌ನ ದಪ್ಪವನ್ನು ಮೈನಸ್ 30ರಲ್ಲಿ, ‘0ಡಬ್ಲ್ಯು’ವಿನದನ್ನು ಮೈನಸ್ 35ರಲ್ಲಿ ಪರೀಕ್ಷಿಸಿರುತ್ತಾರೆ. ಬ್ಯಾಟರಿಯ ಕೋಲ್ಡ್ ಕ್ರ್ಯಾಂಕಿಂಗ್ ಅಂಕಿ, ಮೈನಸ್ 18ರಲ್ಲಿ 7.2 ವೋಲ್ಟ್‌ಗಿಂತ ಕೆಳಗಿಳಿಯದೆ 30 ಸೆಕೆಂಡು ಕೊಡಬಲ್ಲ ಆಂಪಿಯರ್‌ಗಳ ಲೆಕ್ಕ. ಈ ಎರಡನ್ನೂ ರಿಮೋಟ್ ಸುಧಾರಿಸಲಾರದು. ಎಂಜಿನ್ ಮೊದಲು ಹತ್ತಿಕೊಂಡರೆ ತಾನೇ ಅದರ ಆಟ? ಅಲ್ಲಿ ಬೇಕಾದದ್ದು ನಿಂತ ಎಂಜಿನ್ನನ್ನು ಕರೆಂಟಿನಿಂದ ಕಾಯಿಸುವ ಬ್ಲಾಕ್ ಹೀಟರ್. ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಅದರ ಒಂದು ಆದಿರೂಪಕ್ಕೆ 1949ರಲ್ಲಿ ಪೇಟೆಂಟ್ ಪಡೆದ. ವಿನಿಪೆಗ್‌ನ ಕಾರುಗಳ ಮುಂಭಾಗದಲ್ಲಿ ಬಾಲದಂತೆ ಜೋತಾಡುವ ಪ್ಲಗ್ಗು ಇದರದೇ. ಟೈಮರ್ ಇಟ್ಟು, ಹೊರಡುವ ಎರಡು ಗಂಟೆ ಮೊದಲು ಕರೆಂಟು ಹರಿಸಿದರೆ ಸಾಕು.

ಹಾಗಿದ್ದರೆ ರಿಮೋಟ್ ಯಾಕೆ ಬೇಕು ಎಂಬ ಆಕ್ಷೇಪ ಸಹಜ. ಉತ್ತರ ಗಾಜಿನಲ್ಲಿದೆ. ಒಳಗಿನಿಂದ ಉಸಿರಿನ ಆವಿ, ಹೊರಗಿನಿಂದ ಮಂಜು ಹೆಪ್ಪುಗಟ್ಟಿದ ಮುಂಗಾಜಿನಲ್ಲಿ ಅಂಗೈಯಗಲ ಕೆರೆದುಕೊಂಡು, ಆ ಕಿಂಡಿಯಲ್ಲಿ ಇಣುಕುತ್ತ ಓಡಿಸುವವನು ತನಗೂ ಇತರರಿಗೂ ಅಪಾಯ. ಆ ಹಿಮಪದರ ಸಡಿಲವಾಗಲು ಎಂಜಿನ್ನಿಗೆ ಬೇಕಾದ ಎರಡು-ಮೂರು ನಿಮಿಷ ಸಾಲದು. ಹತ್ತು ನಿಮಿಷವಾದರೂ ಬೇಕಾದೀತು. ಆದರೆ ಕೈಯಿಂದ ತಿರುಗಿಸುವ ಹೀಟರ್ ಇರುವ ಕಾರಿನಲ್ಲಿ ರಿಮೋಟ್ ಹಿಂದಿನ ರಾತ್ರಿ ಬಿಟ್ಟ ಸ್ಥಿತಿಯನ್ನಷ್ಟೇ ಎಬ್ಬಿಸುತ್ತದೆ. ಗಾಳಿ ಕಾಲಿನ ಕಡೆಗಿದ್ದರೆ ಬೆಳಿಗ್ಗೆಯೂ ಕಾಲೇ ಬೆಚ್ಚಗಾಗುತ್ತದೆ, ಗಾಜು ಹಾಗೇ ಉಳಿಯುತ್ತದೆ. ವೈಪರ್ ಆನ್ ಇದ್ದರಂತೂ ಗಾಜಿಗೆ ಅಂಟಿದ ರಬ್ಬರನ್ನು ಎಳೆದಾಡಿ ಮೋಟರ್ ನರಳುತ್ತದೆ.

ಕೊಳ್ಳುವವರು ಮೊದಲು ಕೇಳುವುದು ರೇಂಜ್. ಪೆಟ್ಟಿಗೆಯ ಮೇಲಿನ ಅಂಕಿ ಬಯಲಿನ ಲೆಕ್ಕ. ಕಾಂಕ್ರೀಟ್ ಗೋಡೆ ಅಡ್ಡ ಬಂದರೆ ಅದು ಬಹಳಷ್ಟು ಕುಗ್ಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಎಂಜಿನ್ ನಿಜವಾಗಿ ಚಾಲೂ ಆಯಿತೇ ಎಂದು ಮರುಸಂದೇಶ ಕೊಡುವ ‘ಟೂ-ವೇ’ ಸೌಲಭ್ಯ. ಫೋನ್ ಆ್ಯಪ್ ದೂರದ ಮಿತಿಯನ್ನು ಅಳಿಸುತ್ತದೆ, ಆದರೆ ಹಲವಕ್ಕೆ ಚಂದಾ ಕಟ್ಟುತ್ತಲೇ ಇರಬೇಕು. ಕ್ಲಚ್ ಇರುವ ಕಾರಿಗೆ ಎಲ್ಲ ಮಾದರಿಗಳೂ ಒಗ್ಗವು: ಗೇರಿನಲ್ಲಿ ಬಿಟ್ಟ ಕಾರು ಸ್ಟಾರ್ಟರ್ ತಿರುಗಿದೊಡನೆ ಮುಂದಕ್ಕೆ ಜಿಗಿಯುತ್ತದೆ. ಆದ್ದರಿಂದ ಅಂಥ ಕಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ಇಳಿದು ಬಾಗಿಲು ಹಾಕಬೇಕು; ಆಮೇಲೆ ಅದು ತಾನೇ ಆಫ್ ಆಗುತ್ತದೆ. ನಡುವೆ ಯಾರಾದರೂ ಬಾಗಿಲು ತೆರೆದರೆ ಮರುದಿನ ರಿಮೋಟ್ ಕೆಲಸ ಮಾಡದು. ಡೀಸೆಲ್ ಎಂಜಿನ್ನಾದರೆ ಗ್ಲೋ ಪ್ಲಗ್ ಕಾಯುವವರೆಗೆ ತಡೆಯುವ ವ್ಯವಸ್ಥೆ ಇರಲೇಬೇಕು.

ಆದರೂ ಒಳ್ಳೆಯ ಯೂನಿಟ್ ಕೆಡುವುದು ಬಹುಪಾಲು ಜೋಡಣೆಯಲ್ಲೇ. ಹಳೆಯ ಕಾರುಗಳಲ್ಲಿ ಬ್ಯಾಟರಿ, ಇಗ್ನಿಷನ್, ಆಕ್ಸೆಸರಿ, ಸ್ಟಾರ್ಟರ್, ಬ್ರೇಕ್ ಇಷ್ಟು ವೈರ್ ಹುಡುಕಿ ಬೆಸೆದರೆ ಮುಗಿಯುತ್ತಿತ್ತು. 2007ರ ಸೆಪ್ಟೆಂಬರ್ 1ರಿಂದ ಕೆನಡಾದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ. ಕೀಲಿಯೊಳಗಿನ ಚಿಪ್ ಗುರುತಿಸದೆ ಎಂಜಿನ್ ಚಾಲೂ ಆಗದು. ಅದನ್ನು ದಾಟಿಸಲು ಆ ಮಾದರಿಗೇ ಪ್ರೋಗ್ರಾಮ್ ಮಾಡಿದ ಬೈಪಾಸ್ ಮಾಡ್ಯೂಲ್ ಬೇಕು. ‘ನಾನೇ ಹಾಕಿಕೊಂಡರೆ ಕೂಲಿ ಉಳಿಯಿತಲ್ಲ’ ಎನ್ನುವವರಿಗೆ ಅಡ್ಡಿಯಿಲ್ಲ. ಕಾರ್ಖಾನೆಯ ಕನೆಕ್ಟರ್‌ಗಳ ನಡುವೆ ಕೂರುವ ಟಿ-ಹಾರ್ನೆಸ್ ಸಿಗುವ ಕಾರಾದರೆ ಅದು ಆಗುವ ಕೆಲಸ. ಡೇಟಾ ವೈರ್‌ಗೆ ಬಲ್ಬಿನ ಟೆಸ್ಟ್ ಲೈಟ್ ಚುಚ್ಚಿ ನೋಡುವ ಅಭ್ಯಾಸದವರು ಮಾತ್ರ ದೂರವಿರುವುದು ಲೇಸು: ಅದು ಎಳೆಯುವ ಕರೆಂಟಿಗೆ ಕಂಪ್ಯೂಟರ್ ಸುಟ್ಟೀತು, ಮಲ್ಟಿಮೀಟರೇ ಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗಳ ತಂಟೆಗೆ ಹೋಗಲೇಬಾರದು. ಎಂಜಿನ್ ಹತ್ತಿತೇ ಎಂಬುದನ್ನು ವೋಲ್ಟೇಜ್ ಏರಿಳಿತದಿಂದ ಊಹಿಸುವ ಯೂನಿಟ್‌ಗಿಂತ, ಎಂಜಿನ್ನಿನ ಸುತ್ತುಗಳನ್ನು ಓದುವ ಯೂನಿಟ್ ಕಡುಚಳಿಯಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಬಾನೆಟ್ ತೆರೆದಿದ್ದರೆ ಎಂಜಿನ್ ಏಳದಂತೆ ತಡೆಯುವ ಪುಟ್ಟ ಪಿನ್ ಸ್ವಿಚ್ಚನ್ನು ಕೆಲವರು ದಂಡವೆಂದು ಬಿಡುತ್ತಾರೆ. ಬೆಲ್ಟಿನ ಬಳಿ ಕೈಯಿಟ್ಟ ಮೆಕ್ಯಾನಿಕ್‌ನ ಬೆರಳು ಉಳಿಸುವುದೇ ಅದು. ರಸ್ತೆಯ ಉಪ್ಪುನೀರಿಗೆ ತುಕ್ಕು ಹಿಡಿಯುವುದೂ ಅದೇ ಆದ್ದರಿಂದ, ಒಂದು ಬೆಳಿಗ್ಗೆ ರಿಮೋಟ್ ಮುಷ್ಕರ ಹೂಡಿದರೆ ಮೊದಲು ನೋಡಬೇಕಾದದ್ದೂ ಅಲ್ಲೇ.

ಕಳ್ಳರ ಭಯಕ್ಕೆ ರಿಮೋಟ್ ಉತ್ತರವೇ ಹೊರತು ಕಾರಣವಲ್ಲ. ಕೀಲಿ ಸಿಕ್ಕಿಸಿ ಎಂಜಿನ್ ಓಡುತ್ತ ಬಿಟ್ಟ ಕಾರಿಗೆ ಕೊಲರಾಡೊದಲ್ಲಿ ‘ಪಫರ್’ ಎನ್ನುತ್ತಾರೆ. ಹಾಗೆ ಬಿಡುವುದು ಅಲ್ಲಿ ಅಪರಾಧ. 2016ರಲ್ಲಿ ಆ ರಾಜ್ಯ ರಿಮೋಟ್ ಸ್ಟಾರ್ಟರ್‌ಗೆ ವಿನಾಯಿತಿ ಕೊಟ್ಟಿತು, ಏಕೆಂದರೆ ಬಾಗಿಲು ಬೀಗದಲ್ಲಿರುತ್ತದೆ, ಕೀಲಿಯಿಲ್ಲದೆ ಬ್ರೇಕ್ ಒತ್ತಿದರೆ ಎಂಜಿನ್ ನಿಲ್ಲುತ್ತದೆ. ಹೊಗೆಯ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಒಂದು ಗಂಟೆಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಐಡ್ಲಿಂಗ್ ಬೇಡ ಎನ್ನುವ ನಿಯಮ ಟೊರಾಂಟೊದಲ್ಲಿದೆ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟೂ ಎಂಜಿನ್ ಓಡಿಸುವಂತಿಲ್ಲ; ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಕ್ಕೆ ನುಸುಳುತ್ತದೆ. ಸೈಲೆನ್ಸರಿನ ಬಾಯಿಗೆ ಹಿಮ ಮೆತ್ತಿದ್ದರೂ ಅದೇ ವಿಷ ಕಾರಿನೊಳಗೆ ತುಂಬೀತು. ಬೆಂಗಳೂರಿನಲ್ಲಿ ಕೆಲವು ಕಾರುಗಳ ಆ್ಯಪ್‌ನಲ್ಲಿ ಇದೇ ಸೌಲಭ್ಯವಿದ್ದು, ಬಿಸಿಲಿಗೆ ಕಾದ ಸೀಟು ತಣಿಸಲು ಎ.ಸಿ. ಹಾಕಲು ಬಳಕೆಯಾಗುತ್ತದೆ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಈ ಅಪಾಯ ಅಲ್ಲಿಗೂ ಅನ್ವಯ. ವಿದ್ಯುತ್ ಕಾರಿಗೆ ಈ ಚಿಂತೆಯಿಲ್ಲ: ಚಾರ್ಜರ್‌ಗೆ ಸಿಕ್ಕಿಸಿದ್ದಾಗಲೇ ಗೋಡೆಯ ಕರೆಂಟಿನಿಂದ ಒಳಗನ್ನು ಬೆಚ್ಚಗಾಗಿಸಬಹುದು, ಹೊಗೆಯೂ ಇಲ್ಲ.