ಮಣಿ ಮ್ಯಾಗಿನ ಗೀರು

ಅಕ್ಕಂದಿರ, ಹಳೇ ಕರಿಮಣಿ ಸರದಾಗ ಗುಳಿ ಬಿದ್ದ ಮಣಿ ಕಂಡ್ರ ಒಗಿಬ್ಯಾಡ್ರಿ. ನಮ್ಮ ಅತ್ತಿಯವರ ಸರ ಮತ್ತ ಪೋಣಿಸುವಾಗ ನಾನು ಅಂಥವು ನಾಕು ಒಗದೆ. ಈಗ ಹಳಹಳಿ ಆಗ್ತೈತಿ. ಮಣಿ ಹೆಂಗ ಹುಟ್ತು ಅನ್ನೂದು ಆ ಗುಳಿ, ಗೀರಿನಾಗ ಇರ್ತೈತಿ.

ಮಣ್ಣು ಸವರಿದ ಕಬ್ಬಿಣದ ಕಡ್ಡಿಗೆ ಕಾದ ಗಾಜು ಸುತ್ತಿ ಮಾಡಿದ ಮಣಿ ಆದ್ರ, ಗೀರು ತೂತಿನ ಸುತ್ತ ತಿರಗತಾವ. ಗಾಜನ್ನ ಉದ್ದಕ ಕೊಳವಿ ಹಂಗ ಎಳದು ತುಂಡು ಮಾಡಿದ್ದಾದ್ರ, ತೂತಿನ ಉದ್ದಕ್ಕ ಓಡ್ತಾವ. ಆಂಧ್ರದ ಪಾಪನಾಯುಡುಪೇಟೆದಾಗ ಹಿಂಗ ಎಳದ ತುಂಡನ್ನ ಬೂದಿ ಜೋಡಿ ಮತ್ತ ಕಾಸಿ, ಚೂಪಾದ ಅಂಚು ನುಣ್ಣಗ ಮಾಡ್ತಿದ್ರು. ಒಳಗಿನ ಗಾಳಿಗುಳ್ಳಿ ಮ್ಯಾಲ ಬಂದು ಒಡದ್ರ ಗುಳಿ. ಬಿಸಿ ಮಣಿ ಲಗೂನ ಆರಿದ್ರ ಬಿರುಕು.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗೂ ದಾರ್ಯಾಗ ಮಸ್ಕಿ ಐತಲ್ಲ, ಅಲ್ಲಿ 1915ರಾಗ ಸಿಕ್ಕ ಅಶೋಕನ ಶಾಸನ ಎಲ್ಲಾರಿಗೂ ಗೊತ್ತು. 1954ರಾಗ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಅಲ್ಲಿ ನೆಲ ಅಗಿಸಿದಾಗ ಕಲ್ಲಿನ ಮಣಿ ಜೋಡಿ ಗಾಜಿನ ಮಣಿನೂ ಸಿಕ್ಕವು. ರಾಜನ ಮಾತು ಬಂಡಿ ಮ್ಯಾಲ ಉಳೀತು. ಹೆಣ್ಮಕ್ಕಳು ಹಾಕ್ಕೊಂಡಿದ್ದು, ಕುಶಲಕರ್ಮಿ ಮಾಡಿದ್ದು ಇಂಥ ಮಣ್ಯಾಗ ಉಳೀತು.

ನೆಲದಾಗಿನ ಹಸಿ ಗಾಜನ್ನೂ ತಿಂತೈತಿ. ಅಂಥ ಮಣಿ ಮಬ್ಬಾಗಿ, ಸಿಪ್ಪಿ ಏಳ್ತೈತಿ. ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಗುರುತ ಹೋಗ್ತೈತಿ. ಮಳಿ ಆದಮ್ಯಾಲ ಮಸ್ಕಿ ಗುಡ್ಡದ ಕಡೆ ಮಣಿ ಕಂಡ್ರ ಹುಡುಗರಿಗೆ ಆರಿಸಾಕ ಬಿಡಬ್ಯಾಡ್ರಿ. ಯಾವ ಪದರದಾಗ ಇತ್ತು ಅನ್ನೂದರ ಮ್ಯಾಲನ ಅದರ ವಯಸ್ಸು ತಿಳೀತೈತಿ. ಮನಿಯಾಗಿನ ಸರ ಮಾತ್ರ ಇವತ್ತ ಬಿಸಲಿಗೆ ಹಿಡದು ನೋಡ್ರಿ, ಗೀರು ಯಾವ ಕಡೆ ಓಡ್ಯಾವ ಅಂತ.